ಖಾಲಿ ಎಂದು ಬರೆದವಳು

ಕೆಮ್ಮು ಕೇಳಿದರೆ ನನಗೆ ಇವತ್ತಿಗೂ ಮೈ ನಡುಗುತ್ತದೆ. ಯಾರದ್ದಾದರೂ ಸರಿ. ಪಾಠ ಮಾಡುತ್ತಿದ್ದ ಕಾಲದಲ್ಲಿ ಹಿಂದಿನ ಬೆಂಚಿನ ಯಾವುದೋ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಒಂದು ಸಲ ಕೆಮ್ಮಿದರೆ ಸಾಕು, ಬೋರ್ಡಿನ ಮೇಲೆ ಬರೆಯುತ್ತಿದ್ದ ಕೈ ನಿಂತುಬಿಡುತ್ತಿತ್ತು. ಮೇಡಂ ಕ್ಲಾಸಿನಲ್ಲಿ ಸತ್ತರೂ ಪರವಾಗಿಲ್ಲ, ಕೆಮ್ಮಬಾರದು ಎಂದು ಹುಡುಗರು ತಮಾಷೆ ಮಾಡುತ್ತಿದ್ದರಂತೆ. ನನಗೆ ಶಿಸ್ತಿನ ಹುಚ್ಚು ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟೆ.

ನಾನು ಭೂಗೋಳದ ಪ್ರೊಫೆಸರ್. ಮನುಷ್ಯ ಮತ್ತು ಪರಿಸರ ನನ್ನ ವಿಷಯ. ಯಾವ ನೆಲದ ಮೇಲೆ ಯಾರು ಬದುಕುತ್ತಾರೆ, ಆ ನೆಲ ಅವರನ್ನು ಏನು ಮಾಡುತ್ತದೆ, ಇದನ್ನೇ ಇಪ್ಪತ್ತೆಂಟು ವರ್ಷ ಪಾಠ ಮಾಡಿದೆ. ಮೂರು ಪುಸ್ತಕ ಬರೆದೆ. ವಿಮಾನ ಹತ್ತಿ ಹೋಗಿ ತಣ್ಣನೆಯ ಹಾಲುಗಳಲ್ಲಿ ಭಾಷಣ ಮಾಡಿದೆ. ಇದೆಲ್ಲ ಶುರುವಾದದ್ದು ಒಂದು ನಕ್ಷೆಯಿಂದ. ಆ ನಕ್ಷೆ ಸುಳ್ಳು. ಸುಳ್ಳು ಬರೆದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುತ್ತಾ ಯಾರೂ ನನ್ನ ಮೇಲೆ ಕನಿಕರ ಪಡಬಾರದು.

ನಾನು ಹುಟ್ಟಿದ್ದು ತಗ್ಗಿನಲ್ಲಿ. ಊರಿನ ಚರಂಡಿಗಳೆಲ್ಲ ಕೊನೆಗೆ ಬಂದು ಸೇರುವ ಜಾಗಕ್ಕೆ ಊರವರು ಇಟ್ಟ ಹೆಸರು ಅದು. ಮೇಲೆ ದಿಬ್ಬದ ಮೇಲೆ ತೊಗಲು ಹದ ಮಾಡುವ ಶೆಡ್ಡುಗಳು. ಕೆಳಗೆ ಶೆಡ್ಡಿನಲ್ಲಿ ದುಡಿಯುವವರ ಮನೆಗಳು, ಎರಡು ಸಾಲು. ಮೇಲಿನ ಸಾಲಿನ ಬಾಗಿಲಿಗೆ ನಂಬರ್ ಇತ್ತು. ಕೆಳಗಿನ ಸಾಲಿಗೆ ಅದೂ ಇರಲಿಲ್ಲ. ತಗಡು, ಹಲಗೆ, ಹಳೇ ಇಟ್ಟಿಗೆ, ಆ ಕೆಳಗಿನ ಸಾಲಿನಲ್ಲಿ ಒಟ್ಟು ನಲವತ್ತೊಂದು ಮನೆ. ಅದರಲ್ಲೊಂದು ನಮ್ಮದು.

ಅಮ್ಮನದು ಸುಣ್ಣದ ತೊಟ್ಟಿಯ ಕೆಲಸ. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಬೇಕು. ಮೇಲೆತ್ತಿ ದಿಮ್ಮಿಯ ಮೇಲೆ ಹರವಬೇಕು. ಎರಡು ಹಿಡಿಯ ಕತ್ತಿಯಿಂದ ಕೂದಲು ಹೆರೆಯಬೇಕು. ನೆನೆದ ತೊಗಲು ಹೆಣದಷ್ಟು ಭಾರ. ನಿಂತಿರುವುದು ಮೊಣಕಾಲುದ್ದ ನೀರಿನಲ್ಲಿ. ಸುಣ್ಣ ಮೊದಲು ಉಗುರು ತಿನ್ನುತ್ತದೆ, ಆಮೇಲೆ ಬೆರಳ ಸಂದಿ, ಆಮೇಲೆ ಎದೆ. ಅಮ್ಮನ ಬಲಗೈಯಲ್ಲಿ ಉಳಿದದ್ದು ಎರಡೇ ಉಗುರು. ನನ್ನ ತಲೆಯಲ್ಲಿ ಹೇನು ಹುಡುಕುವಾಗ ಆ ಎರಡೇ ನೆತ್ತಿಗೆ ತಾಗುತ್ತಿದ್ದವು. ನಾನು ಹೇಳಿದ ಕೆಮ್ಮು ಅಮ್ಮನದು. ಒಣ ಕೆಮ್ಮು, ಮೂರು ಸಲ ಒತ್ತೊತ್ತಾಗಿ, ಕೊನೆಗೆ ಎದೆಯೊಳಗಿಂದ ಒಂದು ಸಣ್ಣ ಸಿಳ್ಳು. ನೂರು ಜನರ ನಡುವೆಯೂ ಗುರುತು ಹಿಡಿಯುತ್ತಿದ್ದೆ.

ನಾನು ಓದಿದೆ. ಶಾಲೆಯಲ್ಲಿ ನನ್ನನ್ನು ಕಿಟಕಿ ಪಕ್ಕ ಕೂರಿಸುತ್ತಿದ್ದರು, ಮರ್ಯಾದೆಗಲ್ಲ, ವಾಸನೆ ಆಚೆ ಹೋಗಲಿ ಅಂತ. ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯ ಹುಡುಗಿ ಎರಡನೇ ದಿನವೇ ಹಾಸಿಗೆ ಸುತ್ತಿಕೊಂಡು ಬೇರೆ ಕೋಣೆಗೆ ಹೋದಳು. ಹೋಗುವಾಗ ಏನೂ ಅನ್ನಲಿಲ್ಲ, ಮೂಗಿಗೆ ಕೈ ಅಡ್ಡ ಹಿಡಿದಿದ್ದಳು ಅಷ್ಟೇ. ಅವತ್ತು ಬಟ್ಟೆ ಒಗೆಯುವ ಬ್ರಷ್ಷಿನಿಂದ ಮೈ ತಿಕ್ಕಿಕೊಂಡೆ. ರಕ್ತ ಬಂತು. ವಾಸನೆ ಹೋಯಿತೋ ಇಲ್ಲವೋ ಗೊತ್ತಾಗಲಿಲ್ಲ. ಆವತ್ತಿನಿಂದ ಸುಳ್ಳು ಕಲಿತೆ. ಊರು ಯಾವುದು ಅಂದರೆ ದೂರ ಅನ್ನುತ್ತಿದ್ದೆ. ಅಮ್ಮ ಏನು ಮಾಡುತ್ತಾರೆ ಅಂದರೆ ಮನೆಯಲ್ಲೇ ಇರುತ್ತಾರೆ ಅನ್ನುತ್ತಿದ್ದೆ.

ನನ್ನ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದವರನ್ನು ನಾವೆಲ್ಲ ಗುರುಗಳು ಎಂದೇ ಕರೆಯುತ್ತಿದ್ದೆವು. ದೊಡ್ಡ ಹೆಸರು. ಅವರು ಒಂದು ದಿನ ನನ್ನನ್ನು ಕರೆದು, ಶೆಡ್ಡುಗಳ ಸುತ್ತಲಿನ ನೆಲದ ನಕ್ಷೆ ಮಾಡುತ್ತಿದ್ದೇವೆ, ಎಲ್ಲಿ ಜನ ಇದ್ದಾರೆ, ಕೊಳೆನೀರು ಎಲ್ಲಿ ಹರಿಯುತ್ತದೆ ಎಲ್ಲ ಬರಬೇಕು, ನೀನು ನನ್ನ ಜೊತೆ ನಡಿ, ನಕ್ಷೆಯ ಮೇಲೆ ನಿನ್ನ ಹೆಸರೂ ಇರುತ್ತದೆ ಎಂದರು. ಇಪ್ಪತ್ನಾಲ್ಕು ವರ್ಷದ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಆಮೇಲೆ ಅಳೆಯಬೇಕಾದ ಜಾಗಗಳ ಪಟ್ಟಿ ನೋಡಿದೆ. ಅದರಲ್ಲಿ ತಗ್ಗೂ ಇತ್ತು.

ಅಳತೆಗೆ ಹೋಗುವ ಹಿಂದಿನ ವಾರವೇ ಮನೆಗೆ ಹೋದೆ. ಅಮ್ಮ ಆಗಷ್ಟೇ ಕೆಲಸದಿಂದ ಬಂದು ಬಕೆಟ್ಟಿನಲ್ಲಿ ಕೈ ಅದ್ದಿ ಕೂತಿದ್ದಳು.

"ಮುಂದಿನ ವಾರ ಸರ್ ಜೊತೆ ಬರ್ತೀನಮ್ಮ, ಅಳತೆ ಮಾಡೋಕೆ," ಅಂದೆ. "ನೀನು ಹೊರಗೆ ಬರಬೇಡ. ನನ್ನ ಮಾತಾಡಿಸಬೇಡ."

ಅಮ್ಮ ನನ್ನ ಮುಖ ನೋಡಲಿಲ್ಲ. ಬಕೆಟ್ಟಿನಲ್ಲಿದ್ದ ತನ್ನ ಕೈಯನ್ನೇ ನೋಡುತ್ತಿದ್ದಳು.

"ಒಂದು ದಿನಾನಾ?"

"ಮೂರು ಸಲ ಬರ್ತೀವಿ."

"ಆಯ್ತು ಬಿಡು. ನಿನ್ನ ಕೆಲಸ ಕೆಡಬಾರ್ದು," ಅಂದಳು.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ಹೆಗ್ಗಣ ಇಡೀ ತಗ್ಗಿಗೇ ಮುದ್ದಾಗಿತ್ತು. ಕಾಲೇಜು ಮೆಟ್ಟಿಲು ಹತ್ತಿದ್ದು ನಾನೊಬ್ಬಳೇ. ಅಮ್ಮ ಪಕ್ಕದ ಮನೆಯ ಚಿಕ್ಕಮ್ಮನಿಗೆ, ಅಂದರೆ ತನ್ನ ತಂಗಿಗೆ ಹೇಳಿದಳು. ಚಿಕ್ಕಮ್ಮ ಸಾಲಿಗೆಲ್ಲ ಹೇಳಿದಳು. ನಮ್ಮ ಹುಡುಗಿ ದೊಡ್ಡವರ ಜೊತೆ ಬರ್ತಾಳೆ, ಯಾರಾದರೂ ಹೊರಗೆ ಬಂದು ಹಲ್ಲು ಕಿರಿದರೆ ಅವಳ ಮಾನ ಹೋಗುತ್ತೆ, ಬಾಗಿಲು ಹಾಕ್ಕೊಂಡು ಸುಮ್ಮನಿರಿ ಅಂತ. ನಾನು ಮುಚ್ಚು ಅಂದದ್ದು ಒಂದು ಬಾಗಿಲು. ಅವರು ನಲವತ್ತೊಂದು ಮುಚ್ಚಿದರು. ಹಗಲಿನಲ್ಲಿ ಅರ್ಧಕ್ಕರ್ಧ ಜನ ಶೆಡ್ಡಿನಲ್ಲೇ ಇರುತ್ತಿದ್ದರು. ಉಳಿದ ಮುದುಕರು, ಬಾಣಂತಿಯರು, ಆ ದಿನಗಳಲ್ಲಿ ಕೆಮ್ಮು ಜಾಸ್ತಿಯಾಗಿ ಕೆಲಸಕ್ಕೆ ಹೋಗದ ಅಮ್ಮನಂಥ ಕಾಯಿಲೆಯವರು ಕತ್ತಲೆಯಲ್ಲಿ ಕೂತರು, ಮಕ್ಕಳ ಬಾಯಿಗೆ ಕೈ ಒತ್ತಿ ಹಿಡಿದು. ನನ್ನ ಮೇಲಿನ ಪ್ರೀತಿಗೆ.

ಸರ್ವೆಯ ನಿಯಮ ಹೀಗಿತ್ತು. ಬೆಳಿಗ್ಗೆ ಹತ್ತರಿಂದ ನಾಲ್ಕರ ಒಳಗೆ ಹೋಗಬೇಕು. ಬಾಗಿಲಲ್ಲಿ ನಿಂತು ಕೂಗಬೇಕು. ಬೇರೆ ಬೇರೆ ದಿನ ಮೂರು ಸಲ ಹೋದರೂ ಉತ್ತರ ಬರದಿದ್ದರೆ ಕೊನೆಯ ಕಾಲಮ್ಮಿನಲ್ಲಿ 'ಖಾಲಿ' ಎಂದು ಬರೆಯಬೇಕು. ನಂಬರ್ ಇಲ್ಲದ ಖಾಲಿ ಮನೆಯನ್ನು ಅಚ್ಚಾಗುವ ನಕ್ಷೆಯಲ್ಲಿ ತೋರಿಸಬಾರದು. ಈ ನಿಯಮ ಬರೆದ ಮಹಾನುಭಾವನನ್ನು ನಾನು ನೋಡಿಲ್ಲ. ನೋಡಿದ್ದರೆ ಕೇಳುತ್ತಿದ್ದೆ, ಹತ್ತರಿಂದ ನಾಲ್ಕರವರೆಗೆ ಮನೆಯಲ್ಲಿ ಕೂತಿರುವವರು ಯಾರಪ್ಪಾ ಅಂತ. ಆಳು ಇಟ್ಟುಕೊಂಡವರು ಇರುತ್ತಾರೆ. ಆಳುಗಳು ಎಲ್ಲಿರುತ್ತಾರೆ?

ಕೆಳಗಿನ ಸಾಲಿನ ತುದಿಯಲ್ಲಿ ನಲ್ಲಿಯ ಪಕ್ಕ ಎರಡಾಳಿಗಿಂತ ಎತ್ತರದ ಕಲ್ಲುಕಂಬ ಇತ್ತು. ಅಲ್ಲಿಂದ ಶೆಡ್ಡಿನ ಹೊಗೆಕೊಳವೆಯ ನೇರಕ್ಕೆ ಟೇಪು ಹಿಡಿದು, ಪ್ರತಿ ಮನೆ ಎಷ್ಟು ದೂರ, ನೇರದಿಂದ ಎಷ್ಟು ಪಕ್ಕಕ್ಕೆ ಎಂದು ಅಳೆದೆವು. ಕಂಬದ ಕಡೆಯಿಂದ ಒಂದು, ಎರಡು ಎಂದು ಎಣಿಸಿ ಅಳತೆ ಪುಸ್ತಕದಲ್ಲಿ ಬರೆದವಳು ನಾನು. ಅಳತೆಗಳಲ್ಲಿ ಒಂದು ಅಂಗುಲ ತಪ್ಪಿಲ್ಲ. ಅದರಲ್ಲಿ ನಾನು ಬಲು ನಿಯತ್ತಿನವಳು.

ಮೂರನೇ ಸಲ ಹೋದಾಗ ಇಪ್ಪತ್ತೇಳನೇ ಮನೆಯ ಮುಂದೆ ನಿಂತೆ. ನಮ್ಮ ಮನೆ. ಒಳಗೆ ಯಾರಾದರೂ ಇದ್ದೀರಾ ಎಂದು ಕೂಗಿದೆ. ಆ ಮನೆಯ ಬಾಗಿಲಲ್ಲಿ ನಿಂತು ನಾನು ಅಮ್ಮಾ ಎಂದಲ್ಲದೆ ಬೇರೇನೂ ಕೂಗಿದವಳಲ್ಲ. ಉತ್ತರವಿಲ್ಲ. ಮತ್ತೆ ಕೂಗಿದೆ. ಆಗ ಕೆಮ್ಮು ಬಂತು. ಬಾಯಿಗೆ ಬಟ್ಟೆ ತುರುಕಿಕೊಂಡ ಕೆಮ್ಮು. ಮೂರು ಸಲ, ಆಮೇಲೆ ಸಿಳ್ಳು.

ಗುರುಗಳು ಬಾಗಿಲು ನೋಡಿದರು. ನನ್ನನ್ನು ನೋಡಿದರು. "ಒಳಗೆ ಯಾರೋ ಇರೋ ಹಾಗಿದೆಯಲ್ಲ," ಎಂದರು.

"ಇಲ್ಲ ಸರ್. ಗಾಳಿಗೆ ತಗಡು ಅಲ್ಲಾಡ್ತಿದೆ."

ಅವತ್ತು ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಅವರ ಕರವಸ್ತ್ರ ಮೂಗಿನ ಮೇಲಿತ್ತು. ಅಲ್ಲಿಂದ ಹೊರಟರೆ ಸಾಕಾಗಿತ್ತು ಅವರಿಗೆ. ಹಾಗಿದ್ದರೆ ಬರಿ, ಮುಗಿಯಲಿ ಎಂದರು. ಬರೆದೆ. ಖಾಲಿ. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಿದ್ದರು.

ನಕ್ಷೆ ಅಚ್ಚಾಯಿತು. ಕೆಳಗಿನ ಸಾಲು ಇದ್ದಲ್ಲಿ ಬರೀ ಬಿಳಿ. ನನಗೆ ಡಾಕ್ಟರೇಟ್ ಬಂತು, ಕೆಲಸ ಬಂತು. ಆರು ವರ್ಷದ ಮೇಲೆ ಶೆಡ್ಡಿನವರು ಕೊಳೆಕೆಸರು ತುಂಬಿಡಲು ದಿಬ್ಬದ ಮೇಲೆ ದೊಡ್ಡ ಕಟ್ಟೆ ಕಟ್ಟಿದರು, ಕೆಳಗಿನ ಸಾಲಿನ ನೆತ್ತಿಗೆ ಸರಿಯಾಗಿ. ಅನುಮತಿಯ ಕಾಗದದಲ್ಲಿ ಕೆಳಭಾಗದಲ್ಲಿ ಜನವಸತಿ ಇಲ್ಲ ಎಂದು ಬರೆದಿತ್ತು. ಆಧಾರ ಎಂದು ನಮ್ಮ ನಕ್ಷೆಯ ಹೆಸರು ಹಾಕಿದ್ದರು. ಅದನ್ನು ನಾನು ಓದಿದೆ. ಓದಿ, ಮಡಿಸಿ, ಡ್ರಾಯರಿನಲ್ಲಿಟ್ಟೆ. ಅಮ್ಮ ಒಂದು ಸಲ, ಮೇಲೆ ಏನೋ ಕಟ್ಟುತ್ತಿದ್ದಾರೆ, ನೀನು ಓದಿದವಳು, ಒಂದು ಮಾತು ಕೇಳು ಅಂದಳು. ಕೇಳುತ್ತೇನೆ ಅಂದೆ. ಕೇಳಲಿಲ್ಲ. ಆ ವರ್ಷವೇ ಬಡವರು ಅಪಾಯದ ಜಾಗವನ್ನು ಏಕೆ ಆರಿಸಿಕೊಳ್ಳುತ್ತಾರೆ ಎಂಬ ವಿಷಯದ ಮೇಲೆ ಭಾಷಣ ಮಾಡಿ ಬಂದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆರಿಸಿಕೊಳ್ಳುತ್ತಾರಂತೆ. ಥೂ ನನ್ನ ಬಾಯಿಗಿಷ್ಟು.

ನಾಲ್ಕು ವರ್ಷ ಕಳೆದು ಅಮ್ಮ ಕೆಮ್ಮಿ ಕೆಮ್ಮಿ ಸತ್ತಳು. ರಜೆ ಚೀಟಿಯಲ್ಲಿ 'ಸ್ವಂತ ಕೆಲಸ' ಎಂದು ಬರೆದೆ. ಅವಳು ಸತ್ತ ಮೇಲೆ ಕೆಮ್ಮು ನನ್ನ ಬೆನ್ನು ಹತ್ತಿತು. ಸಂದರ್ಶನದ ಕೋಣೆಯಲ್ಲಿ, ಲೈಬ್ರರಿಯ ಕಪಾಟಿನ ಹಿಂದೆ, ಮುಚ್ಚಿದ ಯಾವ ಬಾಗಿಲ ಮುಂದೆ ನಿಂತರೂ. ಬಾಗಿಲು ತಟ್ಟುವುದನ್ನೇ ಬಿಟ್ಟೆ. ಯಾರಾದರೂ ಒಳಗಿನಿಂದ ಬಂದು ತೆಗೆಯುವವರೆಗೆ ಸುಮ್ಮನೆ ನಿಂತಿರುತ್ತಿದ್ದೆ.

ಕಟ್ಟೆ ಒಡೆದದ್ದು ಹೋದ ವರ್ಷ, ಬೆಳಿಗ್ಗೆ ಹನ್ನೊಂದಕ್ಕೆ. ಮೇಲಿನ ಸಾಲು ಅರ್ಧ ಮುಳುಗಿತು. ಕೆಳಗಿನ ಸಾಲಿನ ಮೇಲೆ ಎರಡಾಳುದ್ದ ಕೆಸರು ಕೂತಿತು. ಯಂತ್ರಗಳು ಬಂದವು. ಆರು ದಿನ ಮೇಲಿನ ಸಾಲು ಅಗೆದು ಹೆಣ ತೆಗೆದವು. ಏಳನೇ ದಿನ ಅಧಿಕಾರಿ ನಕ್ಷೆ ಬಿಡಿಸಿ, ಇದರ ಕೆಳಗೆ ಮನೆಗಳೇ ಇಲ್ಲ, ಖಾಲಿ ಜಾಗ ಅಗೆಯಲು ಆದೇಶವಿಲ್ಲ ಎಂದ. ಯಂತ್ರಗಳು ವಾಪಸು ಹೋದವು. ತಗ್ಗಿನವರು ಬುಟ್ಟಿ ಹಿಡಿದು ತಾವೇ ಅಗೆಯತೊಡಗಿದರು. ಆದರೆ ಎಲ್ಲಿ ಅಗೆಯುವುದು? ಯಾವ ಮನೆ ಎಲ್ಲಿತ್ತು ಎಂಬುದೇ ತಿಳಿಯದ ಹಾಗೆ ಕೆಸರು ಸಾರಿಸಿದ ನೆಲದಂತೆ ಮಟ್ಟಸವಾಗಿ ಕೂತಿತ್ತು.

ಇದನ್ನೆಲ್ಲ ನಾನು ಪೇಪರಿನಲ್ಲಿ ಓದಿದೆ. ಹೋಗಲಿಲ್ಲ. ಹತ್ತನೇ ದಿನ ಚಿಕ್ಕಮ್ಮನೇ ನನ್ನ ಆಫೀಸಿಗೆ ಬಂದಳು. ಎಪ್ಪತ್ತರ ಮುದುಕಿ. ತೊಡೆಯವರೆಗೆ ಒಣಗಿದ ಕೆಸರು. ಜವಾನ ಬಾಗಿಲಲ್ಲೇ ತಡೆದಿದ್ದ. ಒಳಗೆ ಕರೆದು ಕೂರು ಅಂದೆ. ಕುರ್ಚಿ ಕೊಳೆಯಾಗುತ್ತೆ ಎಂದು ನಿಂತೇ ಇದ್ದಳು.

"ಸೊಸೆ, ಮೊಮ್ಮಗಳು ಒಳಗೇ ಇದ್ದಾರೆ," ಅಂದಳು. "ಮಗೂಗೆ ಜ್ವರ ಅಂತ ಸೊಸೆ ಕೆಲಸಕ್ಕೆ ಹೋಗಿರ್ಲಿಲ್ಲ. ಬದುಕಿದ್ದಾರೆ ಅಂತ ನಾನೇನು ಅಂದ್ಕೊಂಡಿಲ್ಲ, ನನಗೆ ತಲೆ ಕೆಟ್ಟಿಲ್ಲ. ಹೊರಗೆ ತೆಗೀಬೇಕು ಅಷ್ಟೇ. ಅಲ್ಲಿ ಮನೇನೇ ಇರ್ಲಿಲ್ಲ ಅಂತಾರಲ್ಲ ಕಣೇ."

ಆ ನಕ್ಷೆ ನನ್ನದು ಎಂದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಎಂಥ ಪ್ರಶ್ನೆ ನೋಡಿ.

"ಓದೋಕೆ ಬರೋರು ನಿನ್ನ ಹೆಸರು ಓದಿ ಹೇಳಿದ್ರು. ಬಿಳೀ ಜಾಗ ನನಗೇ ಕಾಣ್ತು," ಅಂದಳು. ಆಮೇಲೆ ಹೇಳಿದಳು, "ಅವತ್ತು ನಿನಗೋಸ್ಕರ ಬಾಯಿ ಮುಚ್ಕೊಂಡು ಕೂತ್ವಿ. ಇವತ್ತು ನೀನು ಬಾಯಿ ಬಿಡು."

ತನಿಖಾ ಸಮಿತಿ ನನ್ನನ್ನು ಎರಡು ದಿನ ಬಿಟ್ಟು ಕರೆದಿತ್ತು, ತಜ್ಞೆ ಅಂತ. ಹಿಂದಿನ ದಿನ ಗುರುಗಳ ಫೋನು ಬಂತು. ಎಂಬತ್ತು ದಾಟಿದ್ದರೂ ದನಿ ಗಟ್ಟಿಯಾಗಿತ್ತು. ಶೆಡ್ಡಿನವರ ಸಲಹೆಗಾರರಾಗಿದ್ದರು ಆಗ. ಆ ಜನ ಆಮೇಲೆ ಬಂದು ಸೇರಿಕೊಂಡವರು ಎಂದು ಒಂದು ಮಾತು ಹೇಳಿದರೆ ಸಾಕು ಎಂದರು. ಮುಂದಿನ ತಿಂಗಳು ನಾನು ಪರಿಸರ ಅಧ್ಯಯನ ಕೇಂದ್ರದ ನಿರ್ದೇಶಕಿ ಆಗುವುದಿತ್ತು, ಅದನ್ನೂ ನೆನಪಿಸಿದರು. ಕೊನೆಗೆ ಮೆತ್ತಗೆ ಹೇಳಿದರು, "ಬರೆದಿದ್ದು ನೀನಮ್ಮ. ನಕ್ಷೆ ತಪ್ಪಾದ್ರೆ ನಿನ್ನ ಡಾಕ್ಟರೇಟೂ ತಪ್ಪು." ಗಾಳಿಗೆ ಅಲ್ಲಾಡಿದ ತಗಡು ಅವರಿಗೂ ನೆನಪಿತ್ತು ಅಂತಾಯಿತು.

ಸಮಿತಿಯ ಹಾಲಿನಲ್ಲಿ ಫ್ಯಾನು ತಿರುಗುತ್ತಿತ್ತು. ಮೇಜಿನ ಮೇಲೆ ನೀರಿನ ಬಾಟಲಿ, ಬಿಳಿ ಬಟ್ಟೆ, ನನ್ನ ನಕ್ಷೆ. ಗುರುಗಳು ಮುಂದಿನ ಸಾಲಿನಲ್ಲಿ ಕೂತಿದ್ದರು. ತಗ್ಗಿನವರಿಗೆ ಒಳಗೆ ಜಾಗ ಕೊಟ್ಟಿರಲಿಲ್ಲ. ಹೊರಗಿನ ಓಣಿಯಲ್ಲಿ ಗೋಡೆಗೊರಗಿ ನಿಂತಿದ್ದರು, ಮೂವತ್ತೋ ನಲವತ್ತೋ ಜನ. ಸುಣ್ಣದ ಕೆಲಸದವರು, ಎಲ್ಲರಿಗೂ ಅದೇ ಕೆಮ್ಮು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು. ಮುಚ್ಚಿದ ಬಾಗಿಲಿನ ಆಚೆಯಿಂದ ಅದು ಬರುತ್ತಲೇ ಇತ್ತು. ಜವಾನ ಹೋಗಿ ಗದರಿಸಿ ಬಂದ. ಒತ್ತಿ ಹಿಡಿದು ಕೆಮ್ಮತೊಡಗಿದರು. ಅದು ಇನ್ನೂ ಘೋರ.

ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಕೆಳಭಾಗದಲ್ಲಿ ವಸತಿ ಇರಲಿಲ್ಲ ಎಂದು ನಿಮ್ಮ ನಕ್ಷೆ ಹೇಳುತ್ತದೆ, ಇದು ಸರಿಯೇ ಎಂದು ಕೇಳಿದರು.

"ತಪ್ಪು," ಅಂದೆ. "ನಲವತ್ತೊಂದು ಮನೆ ಇತ್ತು. ನಲವತ್ತೊಂದರಲ್ಲೂ ಜನ ಇದ್ದರು."

ಆಗ ನಿಮಗೆ ತಿಳಿದಿರಲಿಲ್ಲವೇ ಎಂದರು. ಅವರ ದನಿಯಲ್ಲಿ ದಯೆ ಇತ್ತು. ತಿಳಿದಿರಲಿಲ್ಲ ಎಂದರೆ ನಿಯಮದ ತಪ್ಪಾಗುತ್ತಿತ್ತು, ನಾನು ಪಾರಾಗುತ್ತಿದ್ದೆ. ಅಷ್ಟಗಲ ಬಾಗಿಲು ತೆರೆದಿಟ್ಟಿದ್ದರು ನನಗೆ.

"ತಿಳಿದಿತ್ತು. ಇಪ್ಪತ್ತೇಳನೇ ಮನೇಲಿ ನಾನು ಹುಟ್ಟಿದ್ದು. ಅವತ್ತು ನನ್ನ ಅಮ್ಮ ಒಳಗೆ ಬಾಯಿಗೆ ಬಟ್ಟೆ ತುರುಕಿಕೊಂಡು ಕೂತಿದ್ದಳು. ನಾನೇ ಕೂರಿಸಿದ್ದೆ. ಕೆಮ್ಮಿದ್ದು ನಮಗಿಬ್ಬರಿಗೂ ಕೇಳಿಸ್ತು."

ಇಬ್ಬರಿಗೂ ಎಂದಾಗ ಗುರುಗಳ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು. ಒರೆಸಿ ಹಾಕಿಕೊಂಡು ಎದ್ದು ಹೊರಗೆ ಹೋದರು. ಬಾಗಿಲಲ್ಲಿ ತಗ್ಗಿನವರು ದಾರಿ ಬಿಟ್ಟು ನಿಂತರು. ಅಭ್ಯಾಸ.

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. ಇದು ನಿಮ್ಮ ಕೆಲಸ, ಪದವಿ ಎಲ್ಲಕ್ಕೂ ತಟ್ಟುವ ಮಾತು, ಸಂಜೆಯೊಳಗೆ ಹೇಳಿಕೆ ಹಿಂತೆಗೆದುಕೊಳ್ಳಬಹುದು ಎಂದರು. ಬೇಡ ಎಂದೆ. ಯಂತ್ರ ಯಾವಾಗ ಬರುತ್ತದೆ ಎಂದು ಕೇಳಿದೆ. ಹೇಳಿಕೆಯನ್ನು ಪರಿಶೀಲಿಸಬೇಕು, ಹೊಸ ಆದೇಶ ಆಗಬೇಕು, ಹದಿನೈದು ದಿನವಾದರೂ ಬೇಕು ಎಂದರು. ನಿಮ್ಮ ಮೊಮ್ಮಗಳು ಒಳಗಿದ್ದರೆ ಎಷ್ಟು ದಿನ ಬೇಕಾಗುತ್ತಿತ್ತು ಎಂದು ಕೇಳಿದೆ. ಅದನ್ನು ಬರೆದುಕೊಳ್ಳಬೇಡಿ ಎಂದು ಅವರು ಗುಮಾಸ್ತನಿಗೆ ಹೇಳಿದರು.

ನಾನು ಅಲ್ಲಿಂದ ನೇರ ಮನೆಗೆ ಹೋಗಿ, ಇಷ್ಟು ವರ್ಷ ಎಸೆಯದೆ ಇಟ್ಟಿದ್ದ ಆ ಅಳತೆ ಪುಸ್ತಕ, ಟೇಪು ತೆಗೆದುಕೊಂಡು ತಗ್ಗಿಗೆ ಹೋದೆ. ಮನೆಗಳು ಬೇರೆ ಆಗಿದ್ದವು, ತಗಡಿದ್ದಲ್ಲಿ ಇಟ್ಟಿಗೆ ಬಂದಿತ್ತು, ಆದರೆ ಅಲ್ಲಿ ಒಂದು ಗೇಣು ಪಕ್ಕಕ್ಕೆ ಸರಿಯಲೂ ಯಾರಿಗೂ ಜಾಗ ಇರಲಿಲ್ಲ. ಇದ್ದಲ್ಲೇ ಕಟ್ಟಿಕೊಂಡಿದ್ದರು. ನಲ್ಲಿಯ ಕಂಬದ ತುದಿ ಕೆಸರಿನ ಮೇಲೆ ಮೊಳದಷ್ಟು ಕಾಣುತ್ತಿತ್ತು. ಹೊಗೆಕೊಳವೆ ಎಲ್ಲಿಗೂ ಹೋಗಿರಲಿಲ್ಲ, ಹೊಗೆ ಬಿಡುತ್ತಲೇ ಇತ್ತು. ಚಪ್ಪಲಿ ಬಿಟ್ಟು ಇಳಿದೆ. ಮೇಲೆ ಒಣಗಿದ ಪದರ ಕಾಲಿಟ್ಟರೆ ಒಡೆಯಿತು, ಒಳಗೆ ತೊಡೆಯವರೆಗೆ ಹೂತೆ. ಅಮ್ಮ ಮೂವತ್ತು ವರ್ಷ ನಿಂತ ಅದೇ ಸುಣ್ಣ. ಅರ್ಧ ಗಂಟೆಗೆ ಕಾಲ್ಬೆರಳ ಸಂದಿಗಳು ಉರಿಯತೊಡಗಿದವು.

ಯಾರೂ ನನ್ನನ್ನು ಮಾತಾಡಿಸಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಹಾಯಾಗಿರುತ್ತಿತ್ತು. ಟೇಪಿನ ಇನ್ನೊಂದು ತುದಿ ಹಿಡಿದವಳು ಚಿಕ್ಕಮ್ಮ. ಇಪ್ಪತ್ತೆಂಟರಿಂದ ಶುರು ಮಾಡೋಣ, ನಿನ್ನ ಮನೆ ಎಂದೆ. ಅವಳು ತಲೆಯಾಡಿಸಿದಳು. ಎಲ್ಲರ ಮನೆಯಲ್ಲೂ ಜನ ಇದ್ದಾರೆ, ಒಂದರಿಂದ ಸಾಲಾಗಿ ಬಾ ಎಂದಳು.

ಒಂದರಿಂದ ಬಂದೆವು. ನಾನು ಅಳೆದು ಗೂಟ ನೆಡುವುದು, ಅವರು ಅಗೆಯುವುದು. ಕೆಸರು ಜಾರಿ ಬರದ ಹಾಗೆ ಹಲಗೆ ಕೊಟ್ಟು, ಬುಟ್ಟಿ ಕೈಯಿಂದ ಕೈಗೆ ದಾಟಿಸಿ. ನಾಲ್ಕನೇ ಗೂಟದ ಕೆಳಗೆ ಒಬ್ಬ ಮುದುಕ ಸಿಕ್ಕ. ಒಂಬತ್ತರ ಕೆಳಗೆ ಬಾಣಂತಿ, ಅವಳ ಪಕ್ಕ ಕೂಸು. ಎರಡನೇ ದಿನ ಕಾಲೇಜಿನಿಂದ ಅಮಾನತಿನ ಪತ್ರ ತಂದವನು ದಿಬ್ಬದ ಮೇಲೆ ಮೂಗು ಮುಚ್ಚಿಕೊಂಡು ನಿಂತಿದ್ದ, ಹತ್ತಿ ಹೋಗಿ ಸಹಿ ಹಾಕಿ ಬಂದೆ. ಅಂಗಾಲ ಚರ್ಮ ಸುಲಿದಿತ್ತು. ಆರನೇ ದಿನ ಇಪ್ಪತ್ತೇಳಕ್ಕೆ ಬಂದೆವು. ಅಲ್ಲಿ ಈಗ ಇದ್ದವರೆಲ್ಲ ಅವತ್ತು ಕೆಲಸಕ್ಕೆ ಹೋಗಿದ್ದರು. ಒಳಗೆ ಯಾರೂ ಇರಲಿಲ್ಲ. ಆ ಖಾಲಿ ಮನೆಯ ಮುಂದೆ, ಅಮ್ಮ ಕೆಮ್ಮುತ್ತಾಳೆ ಎಂದು ಕಾದು ನಿಂತೆ. ಚಿಕ್ಕಮ್ಮ ಟೇಪು ಎಳೆದಳು.

ಇಪ್ಪತ್ತೆಂಟನೇ ಗೂಟದ ಕೆಳಗೆ ಅವತ್ತು ಮಧ್ಯಾಹ್ನ ಇಬ್ಬರೂ ಸಿಕ್ಕರು. ಸೊಸೆ ಮಗುವನ್ನು ಹೊಟ್ಟೆಗೆ ಅವುಚಿಕೊಂಡು ಗೋಡೆಯ ಕಡೆ ತಿರುಗಿ ಕೂತಿದ್ದಳು. ಬಿಡಿಸಲು ಆಗಲಿಲ್ಲ. ಒಟ್ಟಿಗೇ ಎತ್ತಿದರು. ಚಿಕ್ಕಮ್ಮ ಬಾಟಲಿ ನೀರು ಸುರಿದು ಮಗುವಿನ ಮುಖ ತೊಳೆದಳು, ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ, ಸ್ಕೂಲಿಗೆ ಕಳಿಸುವ ಹಾಗೆ ನಿಧಾನಕ್ಕೆ. ಬಟ್ಟೆ ಹೊದಿಸಿದಳು. ನಾನು ಕೆಸರಿನಲ್ಲೇ ಕುಸಿದು ಕೂತು ಅತ್ತೆ. ಅವಳ ಕಾಲು ಹಿಡಿಯಲು ಹೋದೆ. ನನ್ನದು ತಪ್ಪಾಯಿತು ಎಂದೆ, ಎಷ್ಟು ಸಲ ಅಂದೆನೋ ನೆನಪಿಲ್ಲ.

ಚಿಕ್ಕಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಅಳೋದು ಆಮೇಲೆ," ಅಂದಳು. "ಇನ್ನೂ ಹದಿಮೂರು ಮನೆ ಇದೆ. ಏಳು, ಟೇಪ್ ಹಿಡಿ."